ಮೇಲೆ ನೋಡುವ ದೇವೀರಪ್ಪ

ಲಿಗೋರಿಯವರ ಹಿರಿಯರು ಮಂಗಳೂರು ಕಡೆಯಿಂದ ವನಗೂರಿಗೆ ಬಂದವರು. ತಂದೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಲಿಗೋರಿ ಹತ್ತೊಂಬತ್ತಕ್ಕೆ ಸೇನೆ ಸೇರಿದರು. ಅಕ್ಷರ ದುಂಡಗಿದೆಯೆಂದು ಅವರನ್ನು ಬೋರ್ಡ್ ಬರೆಯಲು ಹಚ್ಚಿದ ಅಧಿಕಾರಿಗಳು, ಆಮೇಲೆ ತೀರಿಕೊಂಡ ಸೈನಿಕರ ಚಿತ್ರಗಳನ್ನೂ ಬರೆಸತೊಡಗಿದರು. ನೆಟ್ಟಗಿನ ಕತ್ತು, ನೇರ ದೃಷ್ಟಿ, ಬಿಗಿದ ತುಟಿ ಅಲ್ಲಿನ ನಿಯಮ. ಅವರ ಟೆಂಟಿನಲ್ಲೇ ಮಲಗುತ್ತಿದ್ದ ಒಬ್ಬ ಹುಡುಗನ ಚಿತ್ರ ಊರಿಗೆ ಹೋದ ಮೇಲೆ, ಅವನ ತಾಯಿ ಪತ್ರ ಬರೆಸಿದ್ದಳು: “ಚಿತ್ರ ಚೆನ್ನಾಗಿದೆ. ಆದರೆ ನನ್ನ ಮಗ ಬಾಯಿ ಮುಚ್ಚಿಕೊಂಡು ಇದ್ದವನೇ ಅಲ್ಲ.” ಲಿಗೋರಿ ಉತ್ತರ ಬರೆಯಲಿಲ್ಲ. ಪತ್ರವನ್ನು ಬಣ್ಣದ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡರು.

ಸೇನೆಯ ನಂತರ ಇಪ್ಪತ್ತೆರಡು ವರ್ಷ ಮಸ್ಕತ್‌ನ ಒಂದು ಸ್ಟುಡಿಯೋದಲ್ಲಿ ಫೋಟೊ ನೋಡಿ ಮುಖ ಬರೆದರು. ಗಿರಾಕಿಗಳಿಗೆ ಮೈಬಣ್ಣ ತಿಳಿಯಾಗಬೇಕು, ಮಚ್ಚೆ ಇರಬಾರದು. ದೃಷ್ಟಿ ಅಲ್ಲೂ ನೇರವೇ. ಅರವತ್ತರ ಹತ್ತಿರ ಹೆಂಡತಿ ಆನ್ನಿಯೊಂದಿಗೆ ವನಗೂರಿಗೆ ಮರಳಿದರು.

ಈ ವರ್ಷ ಏಪ್ರಿಲ್‌ನಲ್ಲಿ ಎಸ್ಟೇಟ್ ಕೂಲಿಗಳ ಲೈನ್‌ಮನೆಯ ನಾಗರತ್ನಮ್ಮ ಬಂದರು. ಅವರ ಗಂಡ ದೇವೀರಪ್ಪ ಮರಗಸಿ ಮಾಡುತ್ತಿದ್ದವರು, ಅಂದರೆ ಕಾಫಿಗೆ ಬಿಸಿಲು ಬೀಳಲೆಂದು ಎತ್ತರದ ಮರ ಹತ್ತಿ ಕೊಂಬೆ ಸವರುವ ಕೆಲಸ. ತೀರಿಕೊಂಡು ವರ್ಷವಾಗುತ್ತಿತ್ತು. ತಿಂಗಳ ಕೊನೆಯ ಸೋಮವಾರ ಎಡೆ ಇಡಬೇಕು, ಎದುರಿಗೆ ಅವರ ಪಟ ಇರಬೇಕು. ಮನೆಯಲ್ಲಿದ್ದದ್ದು ವೋಟರ್ ಕಾರ್ಡಿನ ಮಸುಕು ಫೋಟೊ ಒಂದೇ.

ವಾರದಲ್ಲಿ ಚಿತ್ರ ಮುಗಿಯಿತು. ನಾಗರತ್ನಮ್ಮ ಸೆರಗು ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

“ಮಿಲ್ಟ್ರಿ ಸಾಹೇಬ್ರೆ, ಇದ್ಯಾರು ಕಣ್ರೀ? ತಹಸೀಲ್ದಾರ್ರ?”

ಒಳಗಿನಿಂದ ಆನ್ನಿ ನಕ್ಕರು. “ನಾನಾಗ್ಲೇ ಹೇಳ್ದೆ, ಮದುಮಗನಿಗೆ ಹಚ್ಚೋ ಹಾಗೆ ಪೌಡರ್ ಹಚ್ಚಿದ್ದೀರಿ ಅಂತ.”

“ಕಾರ್ಡಲ್ಲಿರೋದು ಇದೇ ಮುಖ ಅಲ್ವೇನಮ್ಮ?” ಎಂದರು ಲಿಗೋರಿ.

“ಮುಖ ಐತೆ. ಅವ್ರಿಲ್ಲ. ಇದ್ರ ಮುಂದೆ ಎಡೆ ಇಟ್ರೆ ಯಾರಿಗಿಟ್ಟಂಗಾಯ್ತು?”

“ಅವರು ಹೇಗಿರ್ತಿದ್ರು?”

“ಯಾವಾಗ್ಲೂ ಮೇಲೇ ನೋಡೋರು. ಉಣ್ಣಕ್ ಕೂತ್ರೂ ಕತ್ತು ಮೇಲೆ. ನನ್ ಮುಖ ಸರ್ಯಾಗ್ ನೋಡಿದ್ದು ಮದ್ವೆ ದಿನ ಒಂದೇ ಕಣ್ರೀ.” ನಗುತ್ತಲೇ ಕಣ್ಣೊರೆಸಿಕೊಂಡರು.

ಮರುದಿನ ಲಿಗೋರಿ ತೋಟಕ್ಕೆ ಹೋದರು. ಧರ್ಮ ಎಂಬಾತ ಸಿಲ್ವರ್ ಓಕ್ ಮರ ಹತ್ತಿ ಮರಗಸಿ ಮಾಡುತ್ತಿದ್ದ.

“ಸಾಹೇಬ್ರೆ, ಕೊಂಬೆ ತಲೆ ಮೇಲ್ ಬಿದ್ದಾತು, ಆಚೆ ಹೋಗಿ!”

“ನಿನ್ ಕೆಲ್ಸ ನೀ ಮಾಡು ಮಾರಾಯ,” ಎಂದು ಲಿಗೋರಿ ನಾಲ್ಕು ಹೆಜ್ಜೆ ಸರಿದು ನಿಂತರು.

ಧರ್ಮ ಮುಂದಿನ ಕೊಂಬೆ ಹುಡುಕುವಾಗ ಗಲ್ಲ ಮೇಲೇಳುತ್ತಿತ್ತು. ಕಸ ಬೀಳದಂತೆ ಒಂದು ಕಣ್ಣು ಕಿರಿದಾಗುತ್ತಿತ್ತು, ಕತ್ತಿನ ನರ ಬಿಗಿಯುತ್ತಿತ್ತು. ತಮ್ಮ ಕತ್ತು ನೋಯುವವರೆಗೂ ಲಿಗೋರಿ ನೋಡಿದರು.

ಹೊಸ ಹಲಗೆಯ ಮೇಲೆ ಮೊದಲಿಂದ ಬರೆದರು. ಬಿಸಿಲಿನ ಕಪ್ಪು ಮುಖ, ಹಣೆಗೆ ವಿಭೂತಿ, ಎತ್ತಿದ ಗಲ್ಲ. ನೋಡುವವರನ್ನು ನೋಡದ ಮುಖವನ್ನು ಅವರು ಬರೆದದ್ದು ಅದೇ ಮೊದಲು.

ಸೋಮವಾರ ಎಲೆ ಹಾಕಿದಾಗ ನಾಗರತ್ನಮ್ಮನ ಮೈದುನ ತಿಮ್ಮಯ್ಯ ತಕರಾರು ತೆಗೆದ. “ಅತ್ಗೆ, ಅಣ್ಣ ಎಡೆ ಕಡೆ ನೋಡ್ತಾನೇ ಇಲ್ವಲ್ಲ?”

“ಬದುಕಿದ್ದಾಗ ಯಾವತ್ತು ನೋಡಿದ್ರು? ಬಡ್ಸು.”

ಬಾಗಿಲಲ್ಲಿ ನಿಂತಿದ್ದ ಲಿಗೋರಿಗೆ ಆ ಮಾತೇ ಸಾಕಿತ್ತು. ಅಲ್ಲೇ ಉಂಡು ಮನೆಗೆ ಬಂದು, ಬಣ್ಣದ ಪೆಟ್ಟಿಗೆಯಿಂದ ಹಳೆಯ ಪತ್ರ ತೆಗೆದರು. ಆ ಹುಡುಗನ ಮುಖ ಚೆನ್ನಾಗಿ ನೆನಪಿತ್ತು. ಪೆನ್ಸಿಲ್ ಚೂಪು ಮಾಡಿಕೊಂಡು, ಅವನ ತೆರೆದ ಬಾಯಿಂದಲೇ ಚಿತ್ರ ಶುರು ಮಾಡಿದರು.