ಮೂರು ವರ್ಷದ ಹೊಟ್ಟೆನೋವು

ನಮ್ಮ ವಕ್ಕಲೇರಿ ಕಡೆ ಡಾಕ್ಟರ ಮುಂದೆ ಕೂತು "ಇವತ್ತು ಬೆಳಿಗ್ಗೆಯಿಂದ ನೋವು" ಎಂದು ಯಾರೂ ಹೇಳುವುದಿಲ್ಲ. ಹಾಗೆಂದರೆ ಒಂದು ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆ. ಕೆಮ್ಮು ಬಂದು ಎರಡು ದಿನವಾಗಿದ್ದರೆ ತಿಂಗಳು ಅನ್ನಬೇಕು. ಮಂಡಿನೋವಿಗೆ ತಿಂಗಳಾಗಿದ್ದರೆ ಮಗಳ ಬಾಣಂತನದ ಕಾಲದಿಂದ ಅನ್ನಬೇಕು. ಇದನ್ನು ನಾವು ಸುಳ್ಳು ಎಂದು ಎಣಿಸುವುದಿಲ್ಲ. ಊರಿನ ಡಾಕ್ಟರೂ ಮನಸ್ಸಿನಲ್ಲೇ ಭಾಗಿಸಿಕೊಂಡು ಔಷಧಿ ಬರೆಯುತ್ತಾರೆ.

ವಿಮೆ ಕಂಪನಿಯವರು ಭಾಗಿಸುವುದಿಲ್ಲ. ಅದು ನನಗೆ ಗೊತ್ತಾದದ್ದು ಅಮ್ಮನ ಅಪೆಂಡಿಕ್ಸ್‌ನಿಂದ.

ನಾನು ಕೋಲಾರದ ಒಂದು ಕಾಲೇಜಿನಲ್ಲಿ ಗುಮಾಸ್ತ. ಅಪೆಂಡಿಕ್ಸ್ ಬರುವುದಕ್ಕೆ ಎರಡು ವರ್ಷ ಮುಂಚೆ ಅಮ್ಮನ ಹೆಸರಿಗೆ ಖಾಸಗಿ ಆರೋಗ್ಯ ಪಾಲಿಸಿ ಮಾಡಿಸಿದ್ದೆ. ಏಜೆಂಟರು ಸುಲಭವಾಗಿ ತಿಳಿಸಿಕೊಟ್ಟಿದ್ದರು. "ತಟ್ಟಂತ ಬಂದಿದ್ದಕ್ಕೆ ಕೊಡ್ತಾರೆ ಸಾರ್. ಮೊದ್ಲಿಂದ ಇದ್ದು ಮುಚ್ಚಿಟ್ಟಿದ್ದಕ್ಕೆ ಕೊಡಲ್ಲ." ಅಮ್ಮ ಗುಂಡುಕಲ್ಲಿನ ಹಾಗಿದ್ದಳು. ಹಳೇ ಕಾಯಿಲೆ ಕೇಳಿದ ಕಡೆಯೆಲ್ಲ 'ಇಲ್ಲ' ಎಂದು ತುಂಬಿಸಿ ಸಹಿ ಹಾಕಿಸಿದೆ.

ಒಂದು ದಿನ ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದವಳು ಬುಟ್ಟಿ ಖಾಲಿ ಹಿಡಿದು ವಾಪಸ್ ಬಂದಳು. "ಹೊಟ್ಟೆ ನೋಯ್ತಾ ಅದೆ ಕಣೋ" ಎಂದಳು. ನನಗೆ ಬಸ್ಸಿನ ಆತುರ. "ಗ್ಯಾಸು, ಮಜ್ಜಿಗೆ ಕುಡಿ" ಎಂದು ಹೊರಟೆ. ಸಂಜೆ ಬಂದಾಗಲೂ ಅದೇ ಮಾತು ಹೇಳಿದಳು. ಓಂಕಾಳು ಅಗಿಯಲು ಹೇಳಿದೆ. ಮಾರನೆಯ ಬೆಳಿಗ್ಗೆ ಗೋಡೆ ಹಿಡಿದು ನಿಂತು "ಅಮ್ಮೋ, ಸಚ್ಚಿಪೋತಾ" ಎಂದಳು, ಸತ್ತುಹೋಗ್ತೀನಿ ಅಂತ. ಅವಳ ತವರು ಆಂಧ್ರ ಗಡಿಯ ರಾಯಲ್ಪಾಡು. ಸಣ್ಣಪುಟ್ಟದ್ದಕ್ಕೆಲ್ಲ ಕನ್ನಡ ಸಾಕು, ತೆಲುಗಿಗೆ ಹೋದಳೆಂದರೆ ತಡಮಾಡುವ ಹಾಗಿಲ್ಲ. ಆಟೋ ಕರೆದೆ.

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು, "ಎಷ್ಟು ದಿನದಿಂದ ಅಮ್ಮಾ?"

"ದಿನಾನಾ? ಮೂರು ವರ್ಷದಿಂದ ತಾಯಿ!"

ಅವರು ಬರೆದುಕೊಂಡರು.

ಸ್ಕ್ಯಾನ್ ಆಯಿತು. ಅಪೆಂಡಿಕ್ಸ್ ಊದಿಕೊಂಡಿದೆ, ಸಂಜೆಯೊಳಗೆ ತೆಗೆಯದಿದ್ದರೆ ಒಡೆಯುತ್ತದೆ ಎಂದರು. ಕಾಗದಗಳು ಕಂಪನಿಗೆ ಹೋದವು. ಉತ್ತರವಾಗಿ ಒಂದು ಪ್ರಶ್ನೆ ಬಂತು. ಮೂರು ವರ್ಷದ ನೋವನ್ನು ಎರಡು ವರ್ಷದ ಹಿಂದೆ ಪಾಲಿಸಿ ಮಾಡಿಸುವಾಗ ಏಕೆ ತಿಳಿಸಲಿಲ್ಲ?

"ಅವರು ಒಪ್ಪಬೇಕು, ಇಲ್ಲಾ ನೀವು ಅಡ್ವಾನ್ಸ್ ಕಟ್ಟಬೇಕು ಸಾರ್. ಆಮೇಲೇ ಆಪರೇಷನ್" ಎಂದರು ಇನ್ಶೂರೆನ್ಸ್ ಡೆಸ್ಕಿನ ಹೆಂಗಸು. ನನ್ನ ಹತ್ತಿರ ಅಷ್ಟು ಇರಲಿಲ್ಲ. ಇದು ಈಗ ಬಂದದ್ದೇ ಎಂದು ಸರ್ಜನ್ ಬರೆದುಕೊಟ್ಟರು. ಕಂಪನಿಯವರಿಗೆ ಅದು ಸಾಲದು, ರೋಗಿಯ ಬಾಯಿಂದಲೇ ಕೇಳಬೇಕಂತೆ.

ನನಗೆ ಮೈಯೆಲ್ಲ ಉರಿಯಿತು. "ಮೂರು ವರ್ಷ ಅಂತ ಯಾಕಮ್ಮಾ ಬೊಗಳ್ದೆ?" ಎಂದುಬಿಟ್ಟೆ. ಅಂಥ ಮಾತು ಅವಳಿಗೆ ನಾನು ಯಾವತ್ತೂ ಆಡಿದವನಲ್ಲ. ಅವಳು ಗೋಡೆ ಕಡೆ ತಿರುಗಿದಳು. "ನಿನ್ನೆಯಿಂದ ಅನ್ನು. ಅದ್ರ ಮೇಲೆ ಒಂದು ಮಾತೂ ಬೇಡ" ಎಂದು ಹೇಳಿಕೊಟ್ಟೆ.

ಕಂಪನಿಯ ಡಾಕ್ಟರ ಫೋನು ಬಂತು. ಸ್ಪೀಕರ್ ಹಾಕಿ ಹಿಡಿದೆ.

"ನೋವು ಯಾವಾಗಿಂದ ಅಮ್ಮಾ?"

"ನಿನ್ನೆ ಬೆಳಿಗ್ಗೆಯಿಂದ ನಾಯನಾ."

"ಮತ್ತೆ ಮೂರು ವರ್ಷ ಅಂತ ಬರ್ಸಿದೀರಲ್ಲ?"

ಅಮ್ಮ ನನ್ನ ಕಡೆ ನೋಡಲಿಲ್ಲ. "ಸುಳ್ಳು ಹೇಳ್ದೆ ನಾಯನಾ. ನಮ್ ಹುಡುಗನ್ಗೆ ಇದ್ದಿದ್ದು ಇದ್ದಂಗೇ ಹೇಳಿದ್ದೆ, ಅವನು ನಂಬ್ಲಿಲ್ಲ. ಡಾಕ್ಟ್ರೂ ನಂಬ್ದೆ ಮನೆಗೆ ಕಳ್ಸಿಬಿಟ್ರೆ ಸತ್ತೋಗ್ತೀನಿ ಅಂತ ಭಯ ಆಯ್ತು."

ಅವರು "ಮಗ ಇದಾರಾ?" ಎಂದರು. "ಇದು ನಿಜಾನಾ ಸಾರ್?"

"ನಿಜ ಸಾರ್" ಎಂದೆ.

"ಹಾಗಂತ ಬರೆದು ಸಹಿ ಹಾಕಿ ಕಳ್ಸಿ."

ಡೆಸ್ಕಿನ ಹೆಂಗಸು ಬಿಳಿ ಹಾಳೆ ಕೊಟ್ಟರು. ಕಾಲೇಜಿನಲ್ಲಿ ದಿನಕ್ಕೆ ಹತ್ತು ಅರ್ಜಿ ಬರೆಯುವ ಕೈ, ಎರಡು ಸಾಲಿಗೆ ಮೂರು ಹಾಳೆ ಹಾಳುಮಾಡಿತು. ಅದು ತಲುಪಿದ ಮೇಲೆ ಒಪ್ಪಿಗೆ ಬಂತು, ಹೊತ್ತು ಮುಳುಗುವ ಮೊದಲೇ ಅಮ್ಮನ ಆಪರೇಷನ್ ಮುಗಿಯಿತು. ಕಂಪನಿಯವರು ಸಾಕ್ಷಿಯೆಂದು ಇಟ್ಟುಕೊಂಡಿರುವ ಆ ಹಾಳೆಯಲ್ಲಿ ನನ್ನ ಕೈಬರಹ ಹೀಗಿದೆ: "ನನ್ನ ತಾಯಿ ನೋವೆಂದು ನನಗೆ ನಿನ್ನೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೇಳಿರುತ್ತಾರೆ. ನಾನು ನಂಬಿರುವುದಿಲ್ಲ."