ಕೂತೇ ಇರಬೇಕಾದ ಯಮನೂರಪ್ಪ

ಕಾಲುವೆ ಕೆಲಸಕ್ಕೆ ಬಂದವರಲ್ಲಿ ಸಾಲಗುಂದದ ಯಮನೂರಪ್ಪನಷ್ಟು ಭಾರ ಎತ್ತುವವರು ಯಾರೂ ಇರಲಿಲ್ಲ. ಇಬ್ಬರು ಹೊರುವ ಚಪ್ಪಡಿಯನ್ನು ಒಬ್ಬನೇ ಬೆನ್ನಿಗೆ ಹಾಕಿಕೊಂಡು ಏರಿ ಇಳಿಯುತ್ತಿದ್ದ. 1963ರ ಬೇಸಿಗೆಯಲ್ಲಿ ಉಪಕಾಲುವೆಗೆ ಸೇತುವೆ ಕಟ್ಟುವಾಗ ಅವನ ಕಾಲಡಿಯ ಹಲಗೆ ಮುರಿಯಿತು. ಎರಡಾಳು ಎತ್ತರದಿಂದ ಬಿದ್ದ. ಹೊತ್ತಿದ್ದ ಕಲ್ಲು ಸೊಂಟದ ಮೇಲೆಯೇ ಬಿತ್ತು.

ಆರು ವಾರ ಆಸ್ಪತ್ರೆಯಲ್ಲಿದ್ದು ನಡೆದುಕೊಂಡೇ ಮನೆಗೆ ಬಂದ. ತೊಂದರೆ ಶುರುವಾದದ್ದು ಅಲ್ಲಿಂದ. ಕೈಕಾಲು ನೆಟ್ಟಗಿದ್ದವು, ಮೈಮೇಲೆ ಒಂದು ಗಾಯದ ಗುರುತೂ ಇರಲಿಲ್ಲ. ಸೊಂಟದಿಂದ ಎಡಗಾಲಿಗೆ ಬೆಂಕಿಯಂತೆ ಇಳಿಯುವ ನೋವು ಅವನೊಬ್ಬನಿಗೇ ಗೊತ್ತು. ಅವನು ಗುಣವಾಗಿದ್ದಾನೆ, ಕೆಲಸಕ್ಕೆ ಬರಲಿ ಎಂದು ಗುತ್ತೇದಾರ ಹೇಳಿ ಕಳಿಸಿದ. ಪರಿಹಾರದ ಮಾತೇ ಎತ್ತಲಿಲ್ಲ.

ಲಿಂಗಸುಗೂರಿನ ಕಚೇರಿಯ ಮುಂದೆ ಅರ್ಜಿ ಬರೆದುಕೊಡುತ್ತಿದ್ದ ಹಾಜಿಸಾಬ ಗುತ್ತೇದಾರನ ಮೇಲೆ ಪರಿಹಾರದ ಕೇಸು ಹಾಕಿಸಿದ. ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೇಳಿದ: "ಫೈಸಲಾ ಆಗೋತನಕಾ ಸುಮ್ಮನ ಕೂತಿರು. ನೀ ಒಂದು ಕೊಡ ನೀರು ಎತ್ತಿದ್ದು ಯಾರರ ನೋಡಿದ್ರ ಕೇಸು ಖಲಾಸ್."

"ಎಷ್ಟು ದಿನಾರೀ?"

"ನಾಕು ತಿಂಗಳು ಹಿಡೀಬಹುದು."

ಎರಡು ವರ್ಷ ಹಿಡಿಯಿತು.

ಹೆಂಡತಿ ಹೊನ್ನೂರಮ್ಮ ಮುಕ್ಕುಂದದ ಗದ್ದೆಗಳಿಗೆ ಕಳೆ ಕೀಳಲು ಹೋಗುತ್ತಿದ್ದಳು. ಬಂದ ಮೇಲೆ ನೀರು ಅವಳೇ ತರಬೇಕು, ಕಟ್ಟಿಗೆ ಅವಳೇ ಒಡೆಯಬೇಕು. ಯಮನೂರಪ್ಪ ಕಟ್ಟೆಯ ಮೇಲೆ ಕೂತು ನೋಡಬೇಕು. ಬೆಳಿಗ್ಗೆ ಎದ್ದಾಗ ಒಂದು ತಾಸು ನೋವು ಅಷ್ಟಾಗಿ ಇರುತ್ತಿರಲಿಲ್ಲ. ದಿನದಲ್ಲಿ ಆ ಒಂದು ತಾಸು ಕೈಕಟ್ಟಿ ಕೂತು ಕಳೆಯುವುದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು.

ಗುತ್ತೇದಾರನ ಲೆಕ್ಕ ಬರೆಯುವ ಮುನ್ಷಿ ಶಿವಶರಣಪ್ಪ ವಾರಕ್ಕೆರಡು ಸಲ ಸೈಕಲ್ ಮೇಲೆ ಬಂದು ಎದುರಿನ ಬೇವಿನ ಮರದ ಕೆಳಗೆ ಕೂರುತ್ತಿದ್ದ. ಬೀಡಿ ಸೇದುತ್ತ ಯಮನೂರಪ್ಪ ಏನಾದರೂ ಕೆಲಸ ಮಾಡುತ್ತಾನೋ ಎಂದು ನೋಡುವುದು, ಪುಸ್ತಕದಲ್ಲಿ ಬರೆದುಕೊಳ್ಳುವುದು, ಅಷ್ಟೇ ಅವನ ಕೆಲಸ. ದಿನ ಕಳೆದಂತೆ ಇಬ್ಬರಿಗೂ ಮಾತು ಬೆಳೆಯಿತು.

"ಇವತ್ತ ಏನು ಬರದಿ?" ಎಂದು ಯಮನೂರಪ್ಪ ಕೇಳುತ್ತಿದ್ದ.

"ಕೂತಾನ ಅಂತ ಬರದೀನಿ."

"ಮೊನ್ನೆ?"

"ಮೊನ್ನೆ ನಾ ಬಂದೇ ಇಲ್ಲ. ಆದ್ರೂ ಕೂತಾನ ಅಂತ ಬರದೀನಿ."

ಎರಡನೆಯ ವರ್ಷದ ಚಳಿಗಾಲದಲ್ಲಿ ಹೊನ್ನೂರಮ್ಮನಿಗೆ ಜ್ವರ ಬಂತು. ಜ್ವರದಲ್ಲೇ ಕೂಲಿಗೆ ಹೋದಳು. ಅವಳು ಆಚೆ ಹೋದೊಡನೆ ಯಮನೂರಪ್ಪ ಬಾಗಿಲು ಹಾಕಿಕೊಂಡು ಬೀಸುವ ಕಲ್ಲಿನ ಮುಂದೆ ಕೂತ. ಎರಡು ಸೇರು ಜೋಳ ಬೀಸುವಷ್ಟರಲ್ಲಿ ಬೆವರಿಳಿಯಿತು, ಆದರೂ ಬಿಡಲಿಲ್ಲ. ಬಹಳ ದಿನಗಳ ಮೇಲೆ ತೋಳುಗಳಿಗೆ ಕೆಲಸ ಸಿಕ್ಕಿತ್ತು.

ಬಾಗಿಲು ದೂಡಿಕೊಂಡು ಶಿವಶರಣಪ್ಪ ಒಳಗೆ ಬಂದ. ಹೊನ್ನೂರಮ್ಮ ಗದ್ದೆಯ ಕಡೆ ಹೋಗುವುದನ್ನು ದಾರಿಯಲ್ಲಿ ನೋಡಿಯೇ ಬಂದಿದ್ದ. ಇತ್ತ ಮನೆಯೊಳಗೆ ಬೀಸುವ ಸದ್ದು.

ಮುನ್ಷಿ ಹೊಸ್ತಿಲ ಮೇಲೆ ಕುಸಿದು ಕೂತ.

"ನಾ ಬರೀಲಿಲ್ಲಂದ್ರ ನನ್ನ ನೌಕರಿ ಹೋಗ್ತೈತಿ. ಬೀದ್ಯಾಗ ಇಬ್ಬರು ಮೂವರು ಕೇಳಿಸ್ಕೊಂಡಾರ. ನೀ ಯಾಕ ಹಿಂಗ ಮಾಡಿದಿ?"

"ಆಕಿಗೆ ಜ್ವರ ಬಂದೈತಿ," ಎಂದ ಯಮನೂರಪ್ಪ.

ಶಿವಶರಣಪ್ಪ ಬರೆದುಕೊಂಡ. ಬರೆದ ಮೇಲೆಯೂ ಬಹಳ ಹೊತ್ತು ಏಳಲಿಲ್ಲ.

ಲಿಂಗಸುಗೂರಿನಲ್ಲಿ ವಿಚಾರಣೆಯ ದಿನ ಹಾಜಿಸಾಬ ಕಿವಿಯಲ್ಲಿ ಹೇಳಿಕೊಟ್ಟಿದ್ದ: ‘ಬೀಸಿದ್ದು ನನ್ನ ತಂಗಿ’ ಅನ್ನು. ಆದರೆ ಅಧಿಕಾರಿ ಕೇಳಿದಾಗ ಯಮನೂರಪ್ಪ ಇದ್ದದ್ದನ್ನೇ ಹೇಳಿದ.

"ನಾನೇ ಬೀಸೀನ್ರೀ. ಎರಡು ಸೇರು. ಆಮ್ಯಾಲ ಮೂರು ದಿನ ಏಳಾಕ ಆಗಲಿಲ್ರೀ. ಅದನ್ನ ಅವರು ಬರಕೊಂಡಿಲ್ಲ."

ಅಧಿಕಾರಿ ಮುನ್ಷಿಯ ಪುಸ್ತಕ ತಿರುವಿದರು. ಮಿಕ್ಕ ದಿನಗಳಿಗೆಲ್ಲ ‘ಕೂತಾನ’ ಎಂದು ಬರೆದಿತ್ತು, ಆ ಮೂರು ದಿನಗಳ ಪುಟ ಮಾತ್ರ ಖಾಲಿಯಿತ್ತು. ಶಿವಶರಣಪ್ಪ ತಲೆ ತಗ್ಗಿಸಿ ನಿಂತಿದ್ದ.

ಆದೇಶ ತಿಂಗಳ ಮೇಲೆ ಬಂತು. ಬೆನ್ನಿಗೆ ಪೆಟ್ಟಾಗಿರುವುದು ನಿಜ, ಆದರೆ ಅರ್ಜಿದಾರನು ಹಗುರವಾದ ಕೆಲಸ ಮಾಡಬಲ್ಲನು. ಕೇಳಿದ್ದರಲ್ಲಿ ಕಾಲುಭಾಗ ಮಂಜೂರಾಗಿತ್ತು. ಅದು ಎರಡು ವರ್ಷದ ಕೈಗಡಕ್ಕೇ ಸರಿಹೋಯಿತು.

ಹಗುರ ಕೆಲಸ ಹುಡುಕಿಕೊಂಡು ಅವನು ಸಿಂಧನೂರಿಗೆ ಹೋದ, ಮಸ್ಕಿಗೂ ಹೋದ. ಅವನ ಹೆಸರು ಅವನಿಗಿಂತ ಮೊದಲೇ ಎಲ್ಲ ಗುತ್ತೇದಾರರ ಕಡೆ ಮುಟ್ಟಿತ್ತು. ಮಸ್ಕಿಯ ಮೇಸ್ತ್ರಿ ಇಮಾಮ್‌ಸಾಬ್ ಹಿಂದೆ ಅವನ ಜೊತೆ ಕಲ್ಲು ಹೊತ್ತವನು. ಚಹಾ ಕುಡಿಸಿ, ಮುಚ್ಚುಮರೆಯಿಲ್ಲದೆ ಹೇಳಿದ.

"ಮತ್ತ ಬಿದ್ರ ಮತ್ತ ಕೇಸು ಹಾಕ್ತಾನ ಅಂತಾರ ಮಾಲೀಕರು. ನಿನ್ನ ಬೆನ್ನು ಹೋಗೈತಿ ಅಂತ ನೀನೇ ಕಾಗದದಾಗ ಬರಸೀದಿ. ಅದನ್ನ ನಾ ಹೆಂಗ ಅಳಿಸ್ಲಿ?"

ಮೇಲಿನ ಕೋರ್ಟಿಗೆ ಹೋಗೋಣ ಎಂದು ಹಾಜಿಸಾಬ ಊರಿಗೇ ಬಂದ. ಬರೆದು ತಂದ ಕಾಗದ ಮುಂದಿಟ್ಟ. ಹೊನ್ನೂರಮ್ಮ ಒಲೆಯ ಹತ್ತಿರದಿಂದಲೇ ಕೇಳಿದಳು: "ಮತ್ತ ಕೂತಿರಬೇಕೇನ್ರೀ ಇವರು?"

"ಕೂತಿರಬೇಕಾಗ್ತೈತಿ ತಾಯಿ."

ಯಮನೂರಪ್ಪ ಹೆಬ್ಬೆಟ್ಟು ಒತ್ತಲಿಲ್ಲ. ಕಾಗದವನ್ನು ಮಡಚಿ ಹಾಜಿಸಾಬನ ಕೈಗೇ ಕೊಟ್ಟ.

ಆಮೇಲೆ ಅವನು ಊರವರ ಎಮ್ಮೆ ಕಾಯುವ ಕೆಲಸ ಹಿಡಿದ. ಕಾಲುವೆ ಏರಿಯ ಗುಂಟ ಬೆಳಿಗ್ಗೆ ಹೊಡೆದುಕೊಂಡು ಹೋಗುವುದು, ಸಂಜೆ ತರುವುದು. ಮಧ್ಯಾಹ್ನಕ್ಕೆ ಸೊಂಟ ಹಿಡಿದುಕೊಂಡರೆ ಅಂಗಾತ ಮಲಗಲೇಬೇಕು. ಅಷ್ಟರಲ್ಲಿ ಎಮ್ಮೆಗಳು ಯಾರದೋ ಭತ್ತಕ್ಕೆ ಇಳಿಯುತ್ತವೆ. ಗದ್ದೆಯವರು ಏರಿಯ ಮೇಲೆ ನಿಂತು ಬೈಯುತ್ತಾರೆ. ಅವನು ಮಲಗಿದಲ್ಲಿಂದಲೇ ಕೈ ಎತ್ತಿ, ಹತ್ತಿರದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೊನ್ನೂರಮ್ಮನನ್ನು ಕರೆಯುತ್ತಾನೆ. ಅವಳು ಕೈಯ ಕೆಸರನ್ನು ಸೆರಗಿಗೆ ಒರೆಸಿಕೊಳ್ಳುತ್ತ ಎಮ್ಮೆಗಳನ್ನು ಹೊರಗಟ್ಟಲು ಓಡಿಬರುತ್ತಾಳೆ.