ದವಡೆಯಲ್ಲೊಂದು ಸಣ್ಣ ತೂತು

ಹುಣಸೂರಿನಲ್ಲಿ ಹಲ್ಲು ಕೀಳಿಸಿಕೊಂಡು ಬಂದ ಮೇಲೆ ನನ್ನ ಕೆಳತುಟಿಯ ಎಡಗಡೆ ಮರಗಟ್ಟಿದ್ದು ವಾರ ಕಳೆದರೂ ಬಿಡಲಿಲ್ಲ. ಮತ್ತೆ ಹೋದಾಗ ಡಾಕ್ಟರಮ್ಮ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ದವಡೆ ಎತ್ತಿ ತೋರಿಸಿದರು. ಗದ್ದದ ಎರಡೂ ಪಕ್ಕ ಮೂಳೆಯಲ್ಲಿ ಒಂದೊಂದು ಸಣ್ಣ ತೂತು, ಕೊತ್ತಂಬರಿ ಬೀಜ ಕೂರುವಷ್ಟು.

"ಇದು ಎಲ್ರಿಗೂ ಹುಟ್ತಾನೇ ಇರುತ್ತಮ್ಮ. ತುಟಿಗೆ ಹೋಗೋ ನರ ದವಡೆಯೊಳಗೆ ಬಂದು ಇಲ್ಲಿಂದ ಆಚೆ ಬರುತ್ತೆ. ನಿಮ್ಮ ಹಲ್ಲಿನ ಬೇರು ಆ ನರದ ಪಕ್ಕದಲ್ಲೇ ಇತ್ತು, ಕೀಳುವಾಗ ನರಕ್ಕೆ ಪೆಟ್ಟಾಗಿದೆ. ಸರಿಹೋಗುತ್ತೆ, ನಿಧಾನ ಆಗುತ್ತೆ."

ಮೂಳೆ ಕಟ್ಟುವಾಗಲೇ ನರಕ್ಕೆ ದಾರಿ ಬಿಟ್ಟಿದ್ದಾನಲ್ಲ ಭಗವಂತ ಅಂದುಕೊಂಡೆ. ಬಸ್ಸಿನಲ್ಲಿ ಗದ್ದ ಒತ್ತಿ ಒತ್ತಿ ಹುಡುಕಿದೆ, ಸಿಗಲಿಲ್ಲ.

ನೋವಿರಲಿಲ್ಲ, ಅದೊಂದು ಪುಣ್ಯ. ನಾಲಿಗೆಗೆ ಉಪ್ಪು ಹುಳಿ ಗೊತ್ತಾಗುತ್ತಿತ್ತು, ಅದೂ ಪುಣ್ಯವೇ. ನೀರನ್ನು ನಾವು ಚೊಂಬು ಎತ್ತಿ ಗಂಟಲಿಗೆ ಬಿಟ್ಟುಕೊಳ್ಳುವವರು, ಅಲ್ಲಿ ತುಟಿಗೆ ಕೆಲಸವಿಲ್ಲ. ಕಾಫಿ ಹಂಗಲ್ಲ. ಎದುರುಮನೆ ಅಕ್ಕನ ಜಗಲಿಯಲ್ಲಿ ಹೆಂಗಸರೆಲ್ಲ ಕೂತು ಕುಡಿಯುವಾಗ ನನ್ನ ಗದ್ದದಿಂದ ಸೀರೆಗೆ ಸುರಿದದ್ದು ನನಗೇ ತಿಳಿಯಲಿಲ್ಲ.

"ಏನಮ್ಮಿ, ಮಗೀನಂಗೆ ಜೊಲ್ಲು ಸುರುಸ್ತೀಯ? ಕತ್ತಿಗೊಂದು ಬಟ್ಟೆ ಕಟ್ಲಾ?" ಅಂದಳು ಅಕ್ಕ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾರನೆಯ ದಿನದಿಂದ ಹೋಗುವುದು ಬಿಟ್ಟೆ.

ಹೊಗೆಸೊಪ್ಪು ಬೇಯಿಸುವ ಕಾಲ. ಯಜಮಾನರಿಗೆ ಸೊಪ್ಪು ಬೇಯಿಸುವ ಬ್ಯಾರನ್ ಗೂಡಿನ ಹತ್ತಿರವೇ ಊಟ, ಅಲ್ಲೇ ನಿದ್ದೆ. ಮನೆಯಲ್ಲಿ ನಾನೊಬ್ಬಳೇ ಕನ್ನಡಿ ಎದುರಿಗಿಟ್ಟುಕೊಂಡು ಉಣ್ಣುತ್ತಿದ್ದೆ, ತುತ್ತಿಗೊಮ್ಮೆ ಬಾಯಿ ಒರೆಸಿಕೊಳ್ಳುತ್ತ. ಎದುರು ಜಗಲಿಯ ನಗು ಕೇಳಿದರೆ ಬಾಗಿಲು ಮುಂದೆ ಮಾಡುತ್ತಿದ್ದೆ. ದೀಪ ಹಚ್ಚುವಾಗ ಮಾತ್ರ ಬಾಯಿ ಬಿಟ್ಟು ಕೇಳುತ್ತಿದ್ದೆ: ನೋವು ಬೇಕಾದರೂ ಕೊಡು ತಂದೆ, ನಾಲ್ಕು ಜನರ ನಡುವೆ ಕೂರುವ ಹಂಗೆ ಮಾಡು.

ಒಂದು ಮಧ್ಯಾಹ್ನ ಅಕ್ಕನೇ ಬಂದಳು. "ನನ್ಮ್ಯಾಲೆ ಕ್ವಾಪನಾ?"

ಇದ್ದದ್ದು ಹೇಳಿದೆ. ಅಕ್ಕ ಹತ್ತಿರ ಸರಿದಳು.

"ಆವತ್ತೇ ಯೋಳ್ಬಾರದಾ? ನಾಳೆ ಬಾ. ನನ್ನ ಎದುರ್ಗೇ ಕೂತ್ಕೊ. ಸುರುದ್ರೆ ನಾನು ನನ್ನ ಗದ್ದ ಮುಟ್ಕತೀನಿ, ನೀನು ಒರುಸ್ಕೊ. ಬ್ಯಾರೇವ್ರಿಗೆ ಯಾಕ್ ಗೊತ್ತಾಗ್ಬೇಕು, ಬುಡು."

ಹೋದೆ. ಯಾರದೋ ಸೊಸೆಯ ಸೀಮಂತದ ಮಾತು ನಡೆದಿತ್ತು, ಒಂದೂ ಕಿವಿಗೆ ಬೀಳಲಿಲ್ಲ. ಅಕ್ಕನ ಗದ್ದವನ್ನೇ ನೋಡುತ್ತ, ಆಕೆ ಕೈ ಎತ್ತಿದಾಗಲೆಲ್ಲ ಸೆರಗಿನಿಂದ ಒರೆಸಿಕೊಳ್ಳುತ್ತ, ಲೋಟದ ಕಾಫಿಯನ್ನು ತಳದವರೆಗೂ ಕುಡಿದೆ. ಒಂದು ಸಲ ಆಕೆ ಕಡಿತಕ್ಕೆ ಸುಮ್ಮನೆ ಗದ್ದ ಕೆರೆದುಕೊಂಡಳೇನೋ, ಆಗಲೂ ಒರೆಸಿಕೊಂಡೆ.